ಅಸ್ತಮಾ: ಪತ್ತೆಯಿಂದ ಹತೋಟಿಯವರೆಗೆ, ಹಂತ ಹಂತವಾಗಿ

ಅಸ್ತಮಾ ಕುರಿತು ಓದುಗರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಮತ್ತೆ ಅವೇ. ತಿಂಗಳಿಂದ ಬಿಡದ ಈ ಕೆಮ್ಮು ಅಸ್ತಮಾವೇ ಎಂದು ಖಚಿತವಾಗುವುದು ಹೇಗೆ? ಇನ್‌ಹೇಲರ್ ಶುರು ಮಾಡಿದರೆ ಅದೇ ಚಟವಾಗಿಬಿಡುತ್ತದೆಯೇ? ಈಗ ಆರಾಮವಾಗಿದ್ದೇನೆ, ಔಷಧ ನಿಲ್ಲಿಸಬಹುದೇ? ಇವಕ್ಕೆಲ್ಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಮೊದಲ ಅನುಮಾನದಿಂದ ಹಿಡಿದು ವರ್ಷಗಳ ಹತೋಟಿಯವರೆಗೆ ಏನೇನು ಮಾಡಬೇಕೆಂಬುದನ್ನು ಒಂದೇ ಕಡೆ ಬರೆದಿದ್ದೇನೆ. ಇದು ವೈದ್ಯರಿಗೆ ಬದಲಿ ಅಲ್ಲ. ವೈದ್ಯರ ಮುಂದೆ ನೀವು ಸರಿಯಾದ ಮಾಹಿತಿ ಹಿಡಿದು ಕೂರಬೇಕು, ಅವರು ಬರೆದುಕೊಟ್ಟ ಔಷಧ ನಿಮ್ಮ ಶ್ವಾಸಕೋಶದವರೆಗೆ ತಲುಪಬೇಕು ಎಂಬುದಷ್ಟೇ ಇದರ ಉದ್ದೇಶ.

ಈ ಕ್ಷಣದಲ್ಲಿ ನಿಮ್ಮೆದುರು ಯಾರಾದರೂ ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದೆ ಏದುಸಿರು ಬಿಡುತ್ತಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ನೇರವಾಗಿ ಏಳನೆಯ ಹಂತಕ್ಕೆ ಹೋಗಿ.

ಮೊದಲು ತಿಳಿದಿರಬೇಕಾದದ್ದು

ಅಸ್ತಮಾ ಶ್ವಾಸನಾಳಗಳ ದೀರ್ಘಕಾಲದ ಕಾಯಿಲೆ. ನಾಳದ ಒಳಪದರ ಕೆಂಪಾಗಿ ಊದಿಕೊಳ್ಳುತ್ತದೆ, ಇದನ್ನೇ ಉರಿಯೂತ ಎನ್ನುವುದು. ನಾಳದ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಅಂಟಾದ ಕಫ ಉಳಿದ ದಾರಿಯನ್ನೂ ಕಟ್ಟುತ್ತದೆ. ಸ್ನಾಯುವಿನ ಬಿಗಿತವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸಬಹುದು. ಊತ ಇಳಿಯುವುದಕ್ಕೆ ಮಾತ್ರ ದಿನಗಳು, ವಾರಗಳು ಬೇಕು. ಉಸಿರಾಟ ಸಲೀಸಾಗಿರುವ ದಿನಗಳಲ್ಲೂ ಊತ ಒಳಗೊಳಗೇ ಉಳಿದಿರಬಹುದು. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಮುಂದಿನ ಎಲ್ಲ ಹಂತಗಳೂ ತಾವಾಗಿಯೇ ಅರ್ಥವಾಗುತ್ತವೆ. ನಿಲ್ಲದಿದ್ದರೆ ಆರಾಮವಾದ ದಿನವೇ ಔಷಧ ಬಿಡುತ್ತೀರಿ, ಮುಂದಿನ ನೆಗಡಿಗೆ ಆಸ್ಪತ್ರೆ ಸೇರುತ್ತೀರಿ.

ಬೇಕಾಗುವ ವಸ್ತುಗಳು ಹೆಚ್ಚೇನಿಲ್ಲ: ಒಂದು ನೋಟ್‌ಬುಕ್, ಪೀಕ್ ಫ್ಲೋ ಮೀಟರ್ ಎಂಬ ಊದಿ ಅಳೆಯುವ ಪುಟ್ಟ ಕೊಳವೆ, ಇನ್‌ಹೇಲರ್‌ಗೆ ಜೋಡಿಸುವ ಸ್ಪೇಸರ್ ಎಂಬ ಟೊಳ್ಳು ಕೊಳವೆ, ಮತ್ತು ನೀವು ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿ. ಪಟ್ಟಿಯಲ್ಲಿ ರಕ್ತದೊತ್ತಡದ ಮಾತ್ರೆ, ನೋವಿನ ಮಾತ್ರೆ, ಕಣ್ಣಿಗೆ ಹಾಕುವ ಹನಿಯೂ ಇರಲಿ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಹಂತ 1: ಎರಡು ವಾರ ಲಕ್ಷಣಗಳನ್ನು ಬರೆದಿಡಿ

ಅಸ್ತಮಾ ಬಂದು ಹೋಗುವ ಸ್ವಭಾವದ್ದು. ನೀವು ವೈದ್ಯರ ಮುಂದೆ ಕುಳಿತ ಹೊತ್ತಿಗೆ ಎದೆಯಲ್ಲಿ ಯಾವ ಸದ್ದೂ ಇಲ್ಲದಿರಬಹುದು, ಪರೀಕ್ಷೆಯೂ ಸಹಜವೆಂದು ಬರಬಹುದು. ಆದ್ದರಿಂದ ಲಕ್ಷಣಗಳ ಚರಿತ್ರೆಯೇ ಅರ್ಧ ರೋಗನಿರ್ಣಯ. ಗಮನಿಸಬೇಕಾದವು ನಾಲ್ಕು: ಉಸಿರು ಬಿಡುವಾಗ ಎದೆಯಿಂದ ಬರುವ ಸುಂಯ್‌ಗುಟ್ಟುವ ಸದ್ದು, ಏದುಸಿರು, ಎದೆ ಬಿಗಿದಂತಾಗುವುದು, ಕೆಮ್ಮು. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಒಟ್ಟಿಗಿದ್ದು, ರಾತ್ರಿ ಅಥವಾ ಬೆಳಗಿನ ಜಾವ ಹೆಚ್ಚಾಗಿ, ನೆಗಡಿ, ಓಟ, ನಗು, ತಣ್ಣನೆಯ ಗಾಳಿ, ಹೊಗೆ ಅಥವಾ ದೂಳಿನಿಂದ ಕೆರಳುತ್ತಿದ್ದರೆ ಅಸ್ತಮಾದ ಅನುಮಾನ ಬಲವಾಗುತ್ತದೆ.

"ಆಗಾಗ ಕೆಮ್ಮು ಬರುತ್ತದೆ" ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಹೀಗೆ ಬರೆಯಿರಿ: "ಬೆಳಗಿನ ಜಾವ 3.30. ಒಣ ಕೆಮ್ಮಿನಿಂದ ಎಚ್ಚರ. ಎದ್ದು ಕುಳಿತ ಮೇಲೆ 20 ನಿಮಿಷಕ್ಕೆ ಇಳಿಯಿತು. ಹಿಂದಿನ ದಿನ ನೆಗಡಿ ಶುರುವಾಗಿತ್ತು." ಇಂಥ ನಾಲ್ಕು ಸಾಲು ವೈದ್ಯರಿಗೆ ಹತ್ತು ನಿಮಿಷದ ಮಾತುಕತೆಗಿಂತ ಹೆಚ್ಚು ತಿಳಿಸುತ್ತದೆ. ಮಗುವಿಗೆ ಸದ್ದು ಬರುತ್ತಿದ್ದರೆ ಆ ಹೊತ್ತಿನಲ್ಲೇ ಅಂಗಿ ತೆಗೆದು ಎದೆ ಹೊಟ್ಟೆ ಕಾಣುವಂತೆ ಮೊಬೈಲ್‌ನಲ್ಲಿ ಅರ್ಧ ನಿಮಿಷ ಚಿತ್ರೀಕರಿಸಿ. ಮೂಗಿನ ಗೊರಗೊರ ಸದ್ದನ್ನು ಅನೇಕ ತಂದೆ ತಾಯಿಯರು ಎದೆಯ ಸದ್ದೆಂದೇ ತಿಳಿಯುತ್ತಾರೆ. ವಿಡಿಯೊ ನೋಡಿದ ವೈದ್ಯರಿಗೆ ಗೊಂದಲ ಉಳಿಯುವುದಿಲ್ಲ.

ಜತೆಗೆ ಇವನ್ನೂ ಬರೆದುಕೊಳ್ಳಿ: ಮೂಗು ಸೋರುವುದು, ಸೀನು, ಬಾಲ್ಯದ ಇಸುಬು, ಮನೆಯಲ್ಲಿ ಯಾರಿಗಾದರೂ ಅಲರ್ಜಿ ಅಥವಾ ಅಸ್ತಮಾ, ಮತ್ತು ನೀವು ಮಾಡುವ ಕೆಲಸ. ಕೆಲಸದ ದಿನಗಳಲ್ಲಿ ಹೆಚ್ಚಾಗಿ ರಜೆಯಲ್ಲಿ ಕಡಿಮೆಯಾದರೆ ಅದನ್ನು ತಪ್ಪದೆ ಹೇಳಿ. ಹಿಟ್ಟಿನ ದೂಳು, ಮರದ ದೂಳು, ಬಣ್ಣ ಸಿಂಪಡಿಸುವಾಗಿನ ಐಸೊಸಯನೇಟ್ ಎಂಬ ರಾಸಾಯನಿಕಗಳಿಂದ ಬರುವ ವೃತ್ತಿಜನ್ಯ ಅಸ್ತಮಾ ಬೇಗ ಪತ್ತೆಯಾದರೆ ಮಾತ್ರ ಪೂರ್ತಿ ಹಿಮ್ಮೆಟ್ಟುವ ಅವಕಾಶವಿರುತ್ತದೆ.

ಎಚ್ಚರಿಕೆ: ಸದ್ದು ಮಾಡುವ ಉಸಿರೆಲ್ಲ ಅಸ್ತಮಾ ಅಲ್ಲ. ಜ್ವರ, ತೂಕ ಇಳಿತ, ಕಫದಲ್ಲಿ ರಕ್ತ ಇದ್ದರೆ ಕ್ಷಯ ಮತ್ತಿತರ ಕಾಯಿಲೆಗಳನ್ನು ಮೊದಲು ನೋಡಬೇಕು. ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟಿದರೆ ಹೃದಯದ ತೊಂದರೆ ಇರಬಹುದು. ವರ್ಷಗಟ್ಟಲೆ ಧೂಮಪಾನ ಮಾಡಿ ನಡುವಯಸ್ಸಿನ ನಂತರ ಶುರುವಾದ ಏದುಸಿರಿನ ಹಿಂದೆ ಸಿಒಪಿಡಿ, ಅಂದರೆ ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಕಾಯಿಲೆ, ಇರಬಹುದು. ಆಡುತ್ತಿದ್ದ ಮಗುವಿಗೆ ಹಠಾತ್ತನೆ ಕೆಮ್ಮು ಶುರುವಾಗಿ ಒಂದೇ ಬದಿಯಲ್ಲಿ ಸದ್ದು ಬಂದರೆ ಯಾವುದೋ ಕಾಳು ಉಸಿರುನಾಳಕ್ಕೆ ಜಾರಿದೆ ಎಂದೇ ಭಾವಿಸಿ ಓಡಬೇಕು. ರಕ್ತದೊತ್ತಡಕ್ಕೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳೂ ಬಿಡದ ಒಣ ಕೆಮ್ಮು ತರುತ್ತವೆ. ಪಟ್ಟಿ ಕೇಳಿದ್ದಕ್ಕೆ ಇದೊಂದು ಕಾರಣ.

ಹಂತ 2: ಸ್ಪೈರೋಮೆಟ್ರಿ ಮಾಡಿಸಿ

ಎದೆಯ ಎಕ್ಸ್-ರೇ ಅಸ್ತಮಾವನ್ನು ತೋರಿಸುವುದಿಲ್ಲ. ಬೇರೆ ಕಾಯಿಲೆ ಇಲ್ಲವೆಂದು ತಿಳಿಯಲಷ್ಟೇ ಅದು ನೆರವಾಗುತ್ತದೆ. ಉಸಿರಿನ ವೇಗ ಮತ್ತು ಪ್ರಮಾಣ ಅಳೆಯುವ ಸ್ಪೈರೋಮೆಟ್ರಿಯೇ ಇಲ್ಲಿ ಮುಖ್ಯ ಪರೀಕ್ಷೆ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರು ಎಳೆದು, ಇದ್ದಷ್ಟು ಬಲದಿಂದ ಒಮ್ಮೆಗೇ ಊದಿ, ಇನ್ನು ಸಾಧ್ಯವಿಲ್ಲ ಎನ್ನುವವರೆಗೆ ಊದುತ್ತಲೇ ಇರಬೇಕು. ಅರೆಮನಸ್ಸಿನಿಂದ ಊದಿದರೆ ಫಲಿತಾಂಶ ಸುಳ್ಳಾಗುತ್ತದೆ, ಆದ್ದರಿಂದ ಸಿಬ್ಬಂದಿ ಪದೇ ಪದೇ ಊದಿಸಿದರೆ ಬೇಸರಿಸಬೇಡಿ.

ವರದಿಯಲ್ಲಿ ಎರಡು ಅಂಕಿ ನೋಡಿ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ ಎಫ್‌ಇವಿ 1. ಒಟ್ಟು ಹೊರಬಂದ ಗಾಳಿ ಎಫ್‌ವಿಸಿ. ವಯಸ್ಕರಲ್ಲಿ ಮೊದಲನೆಯದು ಎರಡನೆಯದರ ಶೇ 75ರಿಂದ 80ಕ್ಕಿಂತ ಹೆಚ್ಚಿರುವುದು ವಾಡಿಕೆ, ಮಕ್ಕಳಲ್ಲಿ ಇನ್ನೂ ಹೆಚ್ಚು. ಕಡಿಮೆ ಇದ್ದರೆ ದಾರಿ ಕಿರಿದಾಗಿದೆ ಎಂದರ್ಥ. ಆಮೇಲೆ ಸಾಲ್ಬುಟಮಾಲ್ ಎಂಬ ನಾಳ ಸಡಿಲಿಸುವ ಔಷಧ ಕೊಟ್ಟು 10ರಿಂದ 15 ನಿಮಿಷದ ನಂತರ ಮತ್ತೆ ಊದಿಸುತ್ತಾರೆ. ವಯಸ್ಕರಲ್ಲಿ ಎಫ್‌ಇವಿ 1 ಕನಿಷ್ಠ ಶೇ 12ರಷ್ಟು, ಜತೆಗೆ 200 ಮಿಲಿಲೀಟರ್‌ನಷ್ಟು ಏರಿದರೆ ಅದು ಅಸ್ತಮಾದ ಪರ ಸಾಕ್ಷ್ಯ. ಉದಾಹರಣೆಗೆ 1.80 ಲೀಟರ್ ಇದ್ದದ್ದು 2.10 ಆದರೆ ಏರಿಕೆ 300 ಮಿಲಿಲೀಟರ್, ಸುಮಾರು ಶೇ 17. ಎರಡೂ ಷರತ್ತು ಪೂರೈಸಿತು.

ಇಲ್ಲಿ ಜನರು ಎಡವುವುದು ಎರಡು ಕಡೆ. ಪರೀಕ್ಷೆಗೆ ಮುಂಚೆ ಇನ್‌ಹೇಲರ್ ಬಳಸಿ ಬಂದರೆ ನಾಳ ಆಗಲೇ ಸಡಿಲವಾಗಿರುತ್ತದೆ, ಏರಿಕೆ ಕಾಣುವುದಿಲ್ಲ. ಸಾಲ್ಬುಟಮಾಲ್ ಅನ್ನು ಸಾಮಾನ್ಯವಾಗಿ 4 ಗಂಟೆ ಮುಂಚೆ, ದಿನಕ್ಕೆರಡು ಬಾರಿಯ ದೀರ್ಘಾವಧಿ ಔಷಧಗಳನ್ನು 24 ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಆದರೆ ಇದನ್ನು ಕೇಳಿಕೊಂಡೇ ಮಾಡಿ, ಏದುಸಿರಿದ್ದರೆ ಮಾಡಲೇಬೇಡಿ. ಎರಡನೆಯದು ಇನ್ನೂ ದೊಡ್ಡದು: ಪರೀಕ್ಷೆ ಸಹಜವೆಂದು ಬಂದ ಕೂಡಲೇ "ಅಸ್ತಮಾ ಇಲ್ಲ" ಎಂದು ಫೈಲು ಮುಚ್ಚುವುದು. ಆರಾಮವಾದ ದಿನ ಅಳೆದರೆ ಸಹಜವೇ ಬರುತ್ತದೆ. ಲಕ್ಷಣವಿದ್ದ ದಿನ ಮತ್ತೆ ಮಾಡಿಸಬೇಕು, ಅಥವಾ ಮುಂದಿನ ಹಂತಕ್ಕೆ ಹೋಗಬೇಕು.

ಅಗತ್ಯ ಬಿದ್ದರೆ ಇನ್ನಷ್ಟು ಪರೀಕ್ಷೆಗಳಿವೆ. ಉಸಿರಿನಲ್ಲಿನ ನೈಟ್ರಿಕ್ ಆಕ್ಸೈಡ್ ಅಳೆಯುವ ಫೀನೊ, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ, ಅಲರ್ಜಿ ಪರೀಕ್ಷೆ ಇತ್ಯಾದಿ. ಅಲರ್ಜಿ ಪರೀಕ್ಷೆಯೊಂದರಿಂದಲೇ ಅಸ್ತಮಾ ನಿರ್ಧಾರವಾಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳು ಸ್ಪೈರೋಮೆಟ್ರಿಯನ್ನು ಸರಿಯಾಗಿ ಮಾಡಲಾರರು; ಅಲ್ಲಿ ಲಕ್ಷಣಗಳ ಮಾದರಿ ಮತ್ತು ಔಷಧಕ್ಕೆ ಸಿಗುವ ಸ್ಪಂದನವೇ ಆಧಾರ.

ಹಂತ 3: ಮನೆಯಲ್ಲಿ ಪೀಕ್ ಫ್ಲೋ ಅಳೆಯಿರಿ

ಊದಿದ ಗಾಳಿಯ ಗರಿಷ್ಠ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುವ ಈ ಸಾಧನವನ್ನು 1959ರಲ್ಲಿ ಪರಿಚಯಿಸಿದವರು ಬ್ರಿಟನ್ನಿನ ಮಾರ್ಟಿನ್ ರೈಟ್. ಇಂದಿನ ಮೀಟರು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬ್ಯಾಟರಿ ಬೇಡ. ಕ್ರಮ ಹೀಗಿದೆ:

1. ಮುಳ್ಳನ್ನು ಸೊನ್ನೆಗೆ ತನ್ನಿ. ನೇರವಾಗಿ ನಿಂತುಕೊಳ್ಳಿ. ಬೆರಳು ಮುಳ್ಳಿನ ದಾರಿಗೆ ಅಡ್ಡ ಬರದಿರಲಿ.
2. ಎದೆ ತುಂಬ ಉಸಿರು ಎಳೆದು ತುಟಿಗಳಿಂದ ಕೊಳವೆಯನ್ನು ಬಿಗಿಯಾಗಿ ಮುಚ್ಚಿ.
3. ಒಮ್ಮೆಲೇ, ಬಲವಾಗಿ, ಚುರುಕಾಗಿ ಊದಿ. ಉದ್ದವಾಗಿ ಊದುವುದು ಬೇಡ.
4. ಮೂರು ಬಾರಿ ಊದಿ, ಮೂರರಲ್ಲಿ ದೊಡ್ಡದನ್ನು ಬರೆಯಿರಿ. ಸರಾಸರಿ ಅಲ್ಲ, ದೊಡ್ಡದು.

ಬೆಳಿಗ್ಗೆ ಮತ್ತು ಸಂಜೆ, ಎರಡು ವಾರ, ಇನ್‌ಹೇಲರ್‌ಗೆ ಮುಂಚೆ. ಬೆಳಿಗ್ಗೆ 340, ಸಂಜೆ 420 ಬಂತೆನ್ನಿ. ವ್ಯತ್ಯಾಸ 80. ಎರಡರ ಸರಾಸರಿ 380. 80 ಅನ್ನು 380ರಿಂದ ಭಾಗಿಸಿದರೆ ಶೇ 21. ಹೀಗೆ ಪ್ರತಿದಿನದ್ದನ್ನೂ ತೆಗೆದು ಸರಾಸರಿ ನೋಡಿದಾಗ ವಯಸ್ಕರಲ್ಲಿ ಶೇ 10ಕ್ಕಿಂತ, ಮಕ್ಕಳಲ್ಲಿ ಶೇ 13ಕ್ಕಿಂತ ಹೆಚ್ಚು ಏರಿಳಿತವಿದ್ದರೆ ಅದನ್ನು ಅಸ್ತಮಾದ ಗುರುತೆಂದು ಪರಿಗಣಿಸುತ್ತಾರೆ.

ಚಿಕಿತ್ಸೆ ಶುರುವಾಗಿ ನೀವು ಚೆನ್ನಾಗಿರುವ ಎರಡು ವಾರಗಳಲ್ಲಿ ಸಿಗುವ ಅತಿ ದೊಡ್ಡ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆದಿಡಿ. ಅದು ನಿಮ್ಮ ಸ್ವಂತದ ಅತ್ಯುತ್ತಮ ಅಂಕಿ. ಆರನೆಯ ಹಂತದ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಬೇರೆಯವರ ಅಂಕಿಯೊಂದಿಗೆ ಹೋಲಿಸಿ ಪ್ರಯೋಜನವಿಲ್ಲ. ಮೀಟರ್ ಬದಲಿಸಿದರೆ ಅಂಕಿಯೂ ಬದಲಾಗಬಹುದು, ಹಾಗಾಗಿ ಒಂದೇ ಮೀಟರ್ ಬಳಸಿ.

ಹಂತ 4: ಯಾವ ಔಷಧ ಏನು ಮಾಡುತ್ತದೆ ಎಂದು ತಿಳಿಯಿರಿ

ಊತ ಇಳಿಸುವ ಔಷಧ ಒಂದು, ಬಿಗಿತ ಸಡಿಲಿಸುವ ಔಷಧ ಇನ್ನೊಂದು. ಬುಡೆಸೊನೈಡ್, ಬೆಕ್ಲೊಮೆಟಾಸೋನ್, ಫ್ಲುಟಿಕಾಸೋನ್ ಇವು ಮೊದಲ ಗುಂಪಿನವು, ಉಸಿರಿನ ಮೂಲಕ ಸೇರುವ ಸ್ಟೀರಾಯ್ಡ್‌ಗಳು. ಸಾಲ್ಬುಟಮಾಲ್ ಎರಡನೆಯ ಗುಂಪಿನದು. ನಿಮಿಷಗಳಲ್ಲಿ ಹಾಯೆನಿಸುತ್ತದೆ, ನಾಲ್ಕಾರು ಗಂಟೆ ಉಳಿಯುತ್ತದೆ, ಊತವನ್ನು ಮುಟ್ಟುವುದೇ ಇಲ್ಲ. ಮೊದಲನೆಯದನ್ನು ಎಳೆದ ಕೂಡಲೇ ಯಾವ ಹಾಯೂ ತಿಳಿಯುವುದಿಲ್ಲ. ಹಾಗಾಗಿ ಜನರು ಹಾಯೆನಿಸುವುದನ್ನು ಇಟ್ಟುಕೊಂಡು ಗುಣಪಡಿಸುವುದನ್ನು ಬಿಡುತ್ತಾರೆ. ಅಸ್ತಮಾದ ಸಾವುಗಳಲ್ಲಿ ಈ ತಪ್ಪಿನ ಪಾಲು ದೊಡ್ಡದು. ವರ್ಷಕ್ಕೆ 200 ಪಫ್‌ಗಳ ಮೂರು ಅಥವಾ ಹೆಚ್ಚು ಸಾಲ್ಬುಟಮಾಲ್ ಇನ್‌ಹೇಲರ್ ಖಾಲಿಯಾಗುವವರಿಗೆ ತೀವ್ರ ದಾಳಿಯ ಅಪಾಯ ಹೆಚ್ಚು. ಹನ್ನೆರಡು ಅಥವಾ ಹೆಚ್ಚು ಖಾಲಿಯಾಗುವವರಿಗೆ ಸಾವಿನ ಅಪಾಯವೂ ಹೆಚ್ಚು. ನಿಮ್ಮದು ಎಷ್ಟು ದಿನಕ್ಕೆ ಖಾಲಿಯಾಗುತ್ತಿದೆ ಎಂದು ಇಂದೇ ಲೆಕ್ಕ ಹಾಕಿ.

ಅಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ರೂಪಿಸುವ ಜಿನಾ ಸಂಸ್ಥೆ ಇದೇ ಕಾರಣಕ್ಕೆ 2019ರಲ್ಲಿ ದಶಕಗಳ ರೂಢಿಯನ್ನು ಕೈಬಿಟ್ಟಿತು. ವಯಸ್ಕರಿಗೆ ಮತ್ತು ಹದಿಹರೆಯದವರಿಗೆ, ಕಾಯಿಲೆ ಎಷ್ಟೇ ಸೌಮ್ಯವಾಗಿದ್ದರೂ, ಸಾಲ್ಬುಟಮಾಲ್ ಒಂದರಿಂದಲೇ ಚಿಕಿತ್ಸೆ ಸಲ್ಲದು ಎಂದು ಹೇಳಿತು. ಈಗ ಹೆಚ್ಚು ಒಲವಿರುವುದು ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಒಂದೇ ಇನ್‌ಹೇಲರ್‌ನಲ್ಲಿರುವ ಜೋಡಿಗೆ. ಫಾರ್ಮೊಟೆರಾಲ್ ಬೇಗ ಕೆಲಸ ಮಾಡುತ್ತದೆ, ಬಹಳ ಹೊತ್ತು ಉಳಿಯುತ್ತದೆ. ಪ್ರತಿ ಪಫ್‌ನೊಂದಿಗೆ ಊತ ಇಳಿಸುವ ಔಷಧವೂ ಒಳಗೆ ಹೋಗುತ್ತದೆ. ಸೌಮ್ಯ ಕಾಯಿಲೆಯವರು ಬೇಕೆನಿಸಿದಾಗ ಮಾತ್ರ, ಉಳಿದವರು ದಿನವೂ ಮತ್ತು ಬೇಕೆನಿಸಿದಾಗ ಹೆಚ್ಚುವರಿಯಾಗಿ, ಅದನ್ನೇ ಬಳಸಬಹುದು. ದಿನಕ್ಕೆ ಗರಿಷ್ಠ ಎಷ್ಟು ಪಫ್ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಎಲ್ಲ ಜೋಡಿ ಇನ್‌ಹೇಲರ್‌ಗಳನ್ನೂ ಹೀಗೆ ಬಳಸುವಂತಿಲ್ಲ. ಸಾಲ್ಮೆಟೆರಾಲ್ ಇರುವಂಥದ್ದು ನಿಧಾನವಾಗಿ ಕೆಲಸ ಮಾಡುವುದರಿಂದ ದಾಳಿಯ ಹೊತ್ತಿಗೆ ನೆರವಾಗದು. ಇಂಥ ದೀರ್ಘಾವಧಿ ಸಡಿಲಕಗಳನ್ನು ಸ್ಟೀರಾಯ್ಡ್ ಜತೆಯಿಲ್ಲದೆ ಅಸ್ತಮಾಕ್ಕೆ ಬಳಸುವುದು ಅಪಾಯಕಾರಿ.

ಚಟದ ಭಯಕ್ಕೆ ಬರೋಣ. ಇನ್‌ಹೇಲರ್ ಚಟ ಹಿಡಿಸುವ ವಸ್ತುವಲ್ಲ. ಕಾಯಿಲೆ ದೀರ್ಘಕಾಲದ್ದಾದ್ದರಿಂದ ಔಷಧವೂ ದೀರ್ಘಕಾಲ ಬೇಕಾಗುತ್ತದೆ, ಕನ್ನಡಕ ಬೇಕಾದಂತೆ. ಮಾತ್ರೆ ಸೌಮ್ಯ, ಇನ್‌ಹೇಲರ್ ಕಠಿಣ ಎಂಬ ನಂಬಿಕೆಯಂತೂ ಪೂರ್ತಿ ತಲೆಕೆಳಗಾದದ್ದು. ಸಾಲ್ಬುಟಮಾಲ್‌ನ ಒಂದು ಪಫ್‌ನಲ್ಲಿರುವುದು 100 ಮೈಕ್ರೋಗ್ರಾಂ. 4 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಅಂಥ ನಲವತ್ತು ಪಫ್‌ಗಳಷ್ಟು ಔಷಧವಿದೆ. ಅದು ರಕ್ತದಲ್ಲೆಲ್ಲ ಸುತ್ತಾಡಿ ಕೈ ನಡುಗಿಸುತ್ತದೆ, ಎದೆ ಬಡಿತ ಏರಿಸುತ್ತದೆ, ಆದರೂ ನಿಧಾನವಾಗಿ ಕೆಲಸ ಮಾಡುತ್ತದೆ. ಮಕ್ಕಳ ಎತ್ತರದ ಬಗ್ಗೆ ಕೇಳುವವರಿಗೆ ಮುಚ್ಚುಮರೆಯಿಲ್ಲದ ಉತ್ತರ: ದಿನವೂ ಸ್ಟೀರಾಯ್ಡ್ ಇನ್‌ಹೇಲರ್ ಬಳಸಿದ ಮಕ್ಕಳ ಅಂತಿಮ ಎತ್ತರ ಸರಾಸರಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾದದ್ದು ಕಂಡುಬಂದಿದೆ. ಹತೋಟಿ ತಪ್ಪಿದ ಅಸ್ತಮಾ ಕಸಿದುಕೊಳ್ಳುವ ನಿದ್ರೆ, ಆಟ, ಶಾಲೆಯ ದಿನಗಳೊಂದಿಗೆ ಅದನ್ನು ತೂಗಿ ನೋಡಿ. ದೊಡ್ಡ ಹಾನಿ ಬರುವುದು ಪದೇ ಪದೇ ನುಂಗುವ ಸ್ಟೀರಾಯ್ಡ್ ಮಾತ್ರೆಗಳಿಂದ: ಮೂಳೆ ಸವೆತ, ಮಧುಮೇಹ, ಕಣ್ಣಿನ ಪೊರೆ. ಇನ್‌ಹೇಲರ್‌ಗೆ ಹೆದರಿ ದಾಳಿ ಬಂದಾಗಲೆಲ್ಲ ಮಾತ್ರೆ ನುಂಗುವವರು ಕಡಿಮೆ ಅಪಾಯ ಬಿಟ್ಟು ಹೆಚ್ಚಿನದನ್ನು ಆರಿಸಿಕೊಂಡಂತಾಗುತ್ತದೆ.

ಮಾಂಟೆಲುಕಾಸ್ಟ್ ಮಾತ್ರೆ ಕೆಲವರಿಗೆ ನೆರವಾಗುತ್ತದೆ. ಆದರೆ ದುಃಸ್ವಪ್ನ, ಸಿಡುಕು, ಖಿನ್ನತೆಯಂಥ ಪರಿಣಾಮಗಳ ಕುರಿತು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿದ್ದಾರೆ. ಮಗುವಿನ ವರ್ತನೆ ಬದಲಾದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಗರ್ಭಿಣಿಯರು ಭಯದಿಂದ ಇನ್‌ಹೇಲರ್ ನಿಲ್ಲಿಸಬಾರದು. ಮಗುವಿಗೆ ತಾಯಿಯ ಉಸಿರುಕಟ್ಟುವುದರಿಂದ ಆಗುವ ತೊಂದರೆ ಔಷಧದಿಂದ ಆಗುವುದಕ್ಕಿಂತ ಬಹಳ ದೊಡ್ಡದು.

ಹಂತ 5: ಇನ್‌ಹೇಲರ್ ಎಳೆಯುವುದನ್ನು ಕಲಿಯಿರಿ

ಈ ಹಂತವನ್ನು ಎರಡು ಸಲ ಓದಿ. ಔಷಧ ಕೆಲಸ ಮಾಡುತ್ತಿಲ್ಲ ಎನ್ನುವವರಲ್ಲಿ ಬಹಳ ಮಂದಿಗೆ ಔಷಧ ತಲುಪುತ್ತಿರುವುದು ನಾಲಿಗೆ ಮತ್ತು ಗಂಟಲಿಗೆ ಮಾತ್ರ.

ಒತ್ತಿದರೆ ಸಿಂಪಡಿಸುವ ಇನ್‌ಹೇಲರ್ ಮತ್ತು ಸ್ಪೇಸರ್ ಬಳಸುವ ಕ್ರಮ:

1. ಮುಚ್ಚಳ ತೆಗೆದು ಒಳಗೆ ಕಸವಿಲ್ಲವೆಂದು ನೋಡಿ. ಹೊಸದಾಗಿದ್ದರೆ ಅಥವಾ ಬಹುದಿನ ಬಳಸದಿದ್ದರೆ ಚೀಟಿಯಲ್ಲಿ ಹೇಳಿದಷ್ಟು ಪಫ್ ಗಾಳಿಗೆ ಬಿಡಿ.
2. ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಜೋಡಿಸಿ.
3. ನೇರವಾಗಿ ಕುಳಿತು ಉಸಿರನ್ನು ಪೂರ್ತಿ ಹೊರಬಿಡಿ. ತುಟಿಯಿಂದ ಬಾಯಿಕೊಳವೆಯನ್ನು ಮುಚ್ಚಿ.
4. ಒಮ್ಮೆ ಒತ್ತಿ. ಕೂಡಲೇ ನಿಧಾನವಾಗಿ, ಆಳವಾಗಿ ಎಳೆಯಿರಿ. ಸ್ಪೇಸರ್ ಸಿಳ್ಳೆ ಹಾಕಿದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ.
5. ಹತ್ತು ಎಣಿಸುವವರೆಗೆ, ಆಗದಿದ್ದರೆ ಸಾಧ್ಯವಾದಷ್ಟು, ಉಸಿರು ಹಿಡಿದು ಬಿಡಿ. ಹಿಡಿಯಲಾಗದ ಮಕ್ಕಳು ಸ್ಪೇಸರ್‌ನಲ್ಲೇ ಐದಾರು ಬಾರಿ ಉಸಿರಾಡಿದರೆ ಸಾಕು.
6. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷ ಕಾದು, ಮತ್ತೆ ಕುಲುಕಿ, ಮೊದಲಿನಿಂದ ಮಾಡಿ. ಎರಡನ್ನು ಒಟ್ಟಿಗೆ ಒತ್ತಬೇಡಿ.
7. ಸ್ಟೀರಾಯ್ಡ್ ಇರುವುದಾದರೆ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಶಿಲೀಂಧ್ರ ಬೆಳೆಯಬಹುದು, ಧ್ವನಿ ಒಡೆಯಬಹುದು.

ಪುಡಿ ಇನ್‌ಹೇಲರ್‌ನ ರೀತಿಯೇ ಬೇರೆ. ಅದರ ಪುಡಿಯನ್ನು ಒಡೆದು ಒಳಗೊಯ್ಯುವುದು ನಿಮ್ಮ ಉಸಿರಿನ ಬಲವೇ. ಆದ್ದರಿಂದ ಅದನ್ನು ನಿಧಾನವಾಗಿ ಅಲ್ಲ, ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಸ್ಪೇಸರ್ ಬೇಡ. ಮುಖ್ಯವಾಗಿ, ಅದರೊಳಗೆ ಉಸಿರು ಬಿಡಬಾರದು. ತೇವ ತಗುಲಿದ ಪುಡಿ ಅಂಟಿಕೊಂಡು ಔಷಧ ಅಲ್ಲೇ ಉಳಿಯುತ್ತದೆ. ಎರಡು ಬಗೆಯ ಇನ್‌ಹೇಲರ್ ಬರೆದುಕೊಟ್ಟಿದ್ದರೆ ಒಂದನ್ನು ಇನ್ನೊಂದರಂತೆ ಎಳೆಯುವ ಗೊಂದಲ ತೀರಾ ಸಾಮಾನ್ಯ. ಸಾಧ್ಯವಾದರೆ ಎರಡನ್ನೂ ಒಂದೇ ಬಗೆಯದಾಗಿ ಕೊಡುವಂತೆ ಕೇಳಿ.

ಸ್ಪೇಸರನ್ನು ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ಅದ್ದಿ, ಒರೆಸದೆ ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧದ ಕಣಗಳು ಗೋಡೆಗೇ ಅಂಟುತ್ತವೆ. ಇನ್‌ಹೇಲರ್‌ನಲ್ಲಿ ಔಷಧ ಮುಗಿದ ಮೇಲೂ ಬರಿಯ ಅನಿಲ ಹೊರಬರುತ್ತಿರುತ್ತದೆ. ಸದ್ದು ಕೇಳಿ ನಂಬಬೇಡಿ, ಎಣಿಕೆಯ ಕಿಂಡಿ ನೋಡಿ.

ಹಂತ 6: ಕ್ರಿಯಾ ಯೋಜನೆ ಬರೆಸಿಕೊಳ್ಳಿ

ಯಾವ ಸ್ಥಿತಿಯಲ್ಲಿ ಏನು ಮಾಡಬೇಕೆಂಬುದು ಒಂದು ಹಾಳೆಯಲ್ಲಿ ವೈದ್ಯರ ಕೈಬರಹದಲ್ಲಿ ನಿಮ್ಮ ಬಳಿ ಇರಲಿ. ರಾತ್ರಿ ಎರಡು ಗಂಟೆಗೆ ಉಸಿರು ಸಿಕ್ಕಿಕೊಂಡಾಗ ನೆನಪಿನ ಶಕ್ತಿ ಕೈಕೊಡುತ್ತದೆ. ಸಾಮಾನ್ಯವಾಗಿ ಮೂರು ಬಣ್ಣಗಳಲ್ಲಿ ವಿಂಗಡಿಸುತ್ತಾರೆ. ನಿಮ್ಮ ಅತ್ಯುತ್ತಮ ಅಂಕಿ 450 ಎಂದುಕೊಳ್ಳೋಣ.

ಹಸಿರು: ಶೇ 80 ಮತ್ತು ಮೇಲೆ, ಅಂದರೆ 360ಕ್ಕಿಂತ ಕಡಿಮೆಯಿಲ್ಲ, ಲಕ್ಷಣಗಳಿಲ್ಲ. ಎಂದಿನ ಔಷಧ ಮುಂದುವರಿಸಿ.

ಹಳದಿ: 225ರಿಂದ 360ರ ನಡುವೆ, ಅಥವಾ ರಾತ್ರಿ ಎಚ್ಚರವಾಗುತ್ತಿದೆ, ಸಡಿಲಕ ಪದೇ ಪದೇ ಬೇಕಾಗುತ್ತಿದೆ. ಯೋಜನೆಯಲ್ಲಿ ಬರೆದಂತೆ ಔಷಧ ಹೆಚ್ಚಿಸಿ, ಒಂದೆರಡು ದಿನದಲ್ಲಿ ಸುಧಾರಿಸದಿದ್ದರೆ ವೈದ್ಯರನ್ನು ಕಾಣಿ. ಜನರು ಕಾಯುತ್ತಾ ಕಾಲ ಕಳೆಯುವುದು ಇಲ್ಲಿಯೇ. ತೀವ್ರ ದಾಳಿಗಳು ಹೆಚ್ಚಾಗಿ ಒಂದೇ ಗಳಿಗೆಯಲ್ಲಿ ಬರುವುದಿಲ್ಲ, ದಿನಗಟ್ಟಲೆ ಹಳದಿಯಲ್ಲಿ ಸುಳಿದು ಬರುತ್ತವೆ.

ಕೆಂಪು: 225ಕ್ಕಿಂತ ಕಡಿಮೆ, ಅಥವಾ ಮಾತನಾಡಲು ಕಷ್ಟ. ಮುಂದಿನ ಹಂತ.

ಹಂತ 7: ದಾಳಿ ಬಂದಾಗ

1. ನೇರವಾಗಿ ಕೂರಿಸಿ, ಮಲಗಿಸಬೇಡಿ. ಬಿಗಿಯಾದ ಉಡುಪು ಸಡಿಲಿಸಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ.
2. ಸ್ಪೇಸರ್‌ನಲ್ಲಿ ಸಾಲ್ಬುಟಮಾಲ್ 4 ಪಫ್ ಕೊಡಿ. ಒಂದೊಂದಾಗಿ, ಪ್ರತಿ ಪಫ್‌ಗೆ ನಾಲ್ಕು ಬಾರಿ ಉಸಿರಾಟ.
3. ನಾಲ್ಕು ನಿಮಿಷ ಕಾಯಿರಿ. ಸುಧಾರಿಸದಿದ್ದರೆ ಇನ್ನು 4 ಪಫ್.
4. ಆಗಲೂ ಇಳಿಯದಿದ್ದರೆ ಆಂಬುಲೆನ್ಸ್ ಕರೆಯಿರಿ, ಬರುವವರೆಗೆ ಇದನ್ನೇ ಮುಂದುವರಿಸಿ.

ಬುಡೆಸೊನೈಡ್-ಫಾರ್ಮೊಟೆರಾಲ್ ಅನ್ನೇ ತುರ್ತಿಗೂ ಬಳಸುವವರು ತಮ್ಮ ಯೋಜನೆಯಲ್ಲಿ ಬರೆದ ಕ್ರಮ ಅನುಸರಿಸಲಿ. ಅಂಥವರ ಬಳಿ ಆಗ ಸಾಲ್ಬುಟಮಾಲ್ ಮಾತ್ರ ಇದ್ದರೆ ಅದನ್ನೇ ಕೊಡಬಹುದು.

ಈ ಗುರುತುಗಳಿದ್ದರೆ ಔಷಧ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ, ಕಾಯಬೇಡಿ: ಎರಡು ಪದಕ್ಕೊಮ್ಮೆ ಉಸಿರಿಗಾಗಿ ಮಾತು ನಿಲ್ಲಿಸುವುದು, ತುಟಿ ನೀಲಿಗಟ್ಟುವುದು, ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೆಳೆಯುವುದು, ಮಂಪರು, ಗೊಂದಲ. ಒಂದು ಗುರುತನ್ನು ವಿಶೇಷವಾಗಿ ನೆನಪಿಡಿ. ಸುಂಯ್‌ಗುಟ್ಟುತ್ತಿದ್ದ ಎದೆ ಹಠಾತ್ತನೆ ನಿಶ್ಶಬ್ದವಾಗಿ, ವ್ಯಕ್ತಿ ಇನ್ನಷ್ಟು ಬಸವಳಿದರೆ ಅದು ಗುಣಮುಖವಾದದ್ದಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಹೊರಗೆ ಆಡುತ್ತಿಲ್ಲ ಎಂದರ್ಥ. ಬೆರಳಿನ ಆಕ್ಸಿಮೀಟರ್ ಸಹಜ ಅಂಕಿ ತೋರಿಸಿತೆಂದು ಸುಮ್ಮನಾಗುವುದೂ ತಪ್ಪು, ಆಮ್ಲಜನಕದ ಮಟ್ಟ ಕುಸಿಯುವುದು ತಡವಾಗಿ.

ಆಸ್ಪತ್ರೆಯಲ್ಲಿ ವಯಸ್ಕರಿಗೆ ಸಾಮಾನ್ಯವಾಗಿ 5ರಿಂದ 7 ದಿನ, ಮಕ್ಕಳಿಗೆ 3ರಿಂದ 5 ದಿನ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಎರಡನೆಯ ದಿನವೇ ಹಾಯೆನಿಸಿತೆಂದು ನಿಲ್ಲಿಸಬೇಡಿ. ಒಂದು ವಾರದೊಳಗೆ ನಿಮ್ಮ ವೈದ್ಯರನ್ನು ಮತ್ತೆ ಕಾಣಿ.

ಹಂತ 8: ಹತೋಟಿ ಪರಿಶೀಲಿಸಿ, ನಂತರವೇ ಔಷಧ ಇಳಿಸಿ

ತಿಂಗಳಿಗೊಮ್ಮೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಕಳೆದ ನಾಲ್ಕು ವಾರಗಳಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಹಗಲಿನಲ್ಲಿ ಲಕ್ಷಣ ಕಂಡಿತೇ? ಅಸ್ತಮಾದಿಂದ ಒಂದು ರಾತ್ರಿಯಾದರೂ ಎಚ್ಚರವಾಯಿತೇ? ಸಾಲ್ಬುಟಮಾಲ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಮಾಡಬೇಕಾದ ಯಾವುದಾದರೂ ಕೆಲಸ ಬಿಟ್ಟಿರಾ? ಎಲ್ಲಕ್ಕೂ ಇಲ್ಲ ಎಂದಾದರೆ ಹತೋಟಿಯಿದೆ. ಒಂದೆರಡು ಹೌದು ಇದ್ದರೆ ಅರೆಬರೆ, ಮೂರು ನಾಲ್ಕಾದರೆ ಹತೋಟಿ ತಪ್ಪಿದೆ. ಮೆಟ್ಟಿಲು ಹತ್ತುವುದನ್ನೇ ಬಿಟ್ಟವರಿಗೆ ಏದುಸಿರು ಬರುವುದಿಲ್ಲ. ಕೊನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿ.

ಹತೋಟಿ ಇಲ್ಲದಿದ್ದರೆ ಔಷಧದ ಪ್ರಮಾಣ ಏರಿಸುವ ಮುನ್ನ ಐದನೆಯ ಹಂತವನ್ನು ವೈದ್ಯರ ಎದುರು ಮಾಡಿ ತೋರಿಸಿ, ಬಿಟ್ಟುಹೋದ ಡೋಸ್‌ಗಳನ್ನು ಎಣಿಸಿ, ಕೆರಳಿಸುವ ಸಂಗತಿಗಳನ್ನು ಹುಡುಕಿ. ಧೂಮಪಾನ, ಇತರರ ಹೊಗೆಯೂ ಸೇರಿ, ಮೊದಲ ಶತ್ರು. ಅದು ಸ್ಟೀರಾಯ್ಡ್ ಇನ್‌ಹೇಲರ್‌ನ ಪರಿಣಾಮವನ್ನೂ ಕುಗ್ಗಿಸುತ್ತದೆ. ಗೋಡೆಯ ಬೂಷ್ಟು, ಹಾಸಿಗೆಯ ದೂಳುಹುಳ, ಸಾಕುಪ್ರಾಣಿಯ ಹೊಟ್ಟು ಕೆಲವರಿಗೆ ಮಾತ್ರ ತೊಂದರೆ ಕೊಡುತ್ತವೆ, ನಿಮ್ಮ ನೋಟ್‌ಬುಕ್ ಏನು ಹೇಳುತ್ತದೆಂದು ನೋಡಿ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಹಾಕುವ ಟಿಮೊಲಾಲ್ ಹನಿ ಮತ್ತು ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ಕೊಡುವ ಪ್ರೊಪ್ರನೊಲಾಲ್‌ನಂಥ ಬೀಟಾ ತಡೆಕಾರಕಗಳು ತೀವ್ರ ದಾಳಿ ತರಬಲ್ಲವು. ಆಸ್ಪಿರಿನ್, ಐಬುಪ್ರೊಫೆನ್ ಸೇವಿಸಿದಾಗ ಉಸಿರುಕಟ್ಟಿದ ಅನುಭವವಿದ್ದರೆ ಅದನ್ನು ಪ್ರತಿ ವೈದ್ಯರಿಗೂ ಹೇಳಿ. ವ್ಯಾಯಾಮವನ್ನು ಬಿಡುವ ಅಗತ್ಯವಿಲ್ಲ. ನಿಧಾನವಾಗಿ ಮೈ ಬಿಸಿ ಮಾಡಿಕೊಂಡು ಶುರು ಮಾಡಿ. ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಿ.

ಮೂರು ತಿಂಗಳು ಸತತವಾಗಿ ಹತೋಟಿಯಿದ್ದರೆ ಔಷಧ ಇಳಿಸುವ ಮಾತೆತ್ತಬಹುದು. ಇಳಿಸುವುದೆಂದರೆ ನಿಲ್ಲಿಸುವುದಲ್ಲ. ಸ್ಟೀರಾಯ್ಡ್‌ನ ಪ್ರಮಾಣವನ್ನು ಮೂರು ತಿಂಗಳಿಗೊಮ್ಮೆ ಕಾಲು ಭಾಗದಿಂದ ಅರ್ಧದವರೆಗೆ ತಗ್ಗಿಸಿ, ಸಾಕಾಗುವ ಕನಿಷ್ಠ ಮಟ್ಟ ಕಂಡುಕೊಳ್ಳುತ್ತಾರೆ. ನೆಗಡಿ ಇರುವಾಗ, ಪ್ರಯಾಣದ ಹೊತ್ತಿನಲ್ಲಿ, ಗರ್ಭಿಣಿಯಾಗಿದ್ದಾಗ ಈ ಕೆಲಸಕ್ಕೆ ಕೈ ಹಾಕಬಾರದು.

ಸರಿಯಾಗಿ ಎಳೆಯುತ್ತಿದ್ದೀರಿ, ಒಂದು ಡೋಸೂ ತಪ್ಪಿಸಿಲ್ಲ, ಆದರೂ ವರ್ಷದಲ್ಲಿ ಎರಡು ಬಾರಿ ಸ್ಟೀರಾಯ್ಡ್ ಮಾತ್ರೆ ಬೇಕಾಯಿತು ಎಂದರೆ ಶ್ವಾಸಕೋಶ ತಜ್ಞರ ಬಳಿ ಕಳುಹಿಸುವಂತೆ ನೀವಾಗಿಯೇ ಕೇಳಿ. ಒಮಲಿಜುಮ್ಯಾಬ್, ಮೆಪೊಲಿಜುಮ್ಯಾಬ್, ಡುಪಿಲುಮ್ಯಾಬ್‌ನಂಥ ಜೈವಿಕ ಔಷಧಗಳು, ಅಂದರೆ ಉರಿಯೂತದ ಒಂದು ನಿರ್ದಿಷ್ಟ ಕೊಂಡಿಯನ್ನಷ್ಟೇ ಕತ್ತರಿಸುವ ಚುಚ್ಚುಮದ್ದುಗಳು, ಇಂಥವರಿಗಾಗಿಯೇ ಇವೆ. ಯಾವುದು ಹೊಂದುತ್ತದೆ ಎಂಬುದು ರಕ್ತದ ಇಯೊಸಿನೊಫಿಲ್, ಐಜಿಇ ಎಂಬ ಅಲರ್ಜಿಯ ಪ್ರತಿಕಾಯ, ಮತ್ತು ಫೀನೊ ಅಂಕಿಗಳಿಂದ ನಿರ್ಧಾರವಾಗುತ್ತದೆ. ಕೆಲಸ ಮಾಡುತ್ತಿದೆಯೇ ಎಂದು ತೀರ್ಮಾನಿಸಲು ಕನಿಷ್ಠ ನಾಲ್ಕು ತಿಂಗಳು ಕೊಡಬೇಕು, ಆ ಅವಧಿಯಲ್ಲಿ ಸ್ಟೀರಾಯ್ಡ್ ಇನ್‌ಹೇಲರ್ ಎಂದಿನಂತೆ ಮುಂದುವರಿಯಬೇಕು.